ಮೈನಸ್ 40ರ ಚಳಿಗೆ ಕೈಲೇಸರ್ ಬೆಸುಗೆ: 14 ತಿಂಗಳು ಬಳಸಿದ ಯಂತ್ರವೊಂದರ ವಿಮರ್ಶೆ

ಪೀಣ್ಯದಲ್ಲಿರುವ ನಮ್ಮ ಸಣ್ಣ ಫ್ಯಾಬ್ರಿಕೇಶನ್ ಘಟಕಕ್ಕೆ 2 ಕಿಲೋವ್ಯಾಟ್ ಸಾಮರ್ಥ್ಯದ ಕೈಲೇಸರ್ (ಗನ್ನನ್ನು ಕೈಯಲ್ಲಿ ಹಿಡಿದು ಲೇಸರ್ ಕಿರಣದಿಂದ ಬೆಸೆಯುವ) ವೆಲ್ಡಿಂಗ್ ಯಂತ್ರ ಬಂದು 14 ತಿಂಗಳಾಯಿತು. ಇಂಥ ಯಂತ್ರಗಳ ಬಗ್ಗೆ ಅಂತರ್ಜಾಲದಲ್ಲಿ ಸಿಗುವ ವಿಮರ್ಶೆಗಳೆಲ್ಲ ಬೆಸುಗೆಯ ಹೊಳಪು, ಕೆಲಸದ ವೇಗ ಮತ್ತು ಗ್ರೈಂಡಿಂಗ್‌ನ ಉಳಿತಾಯದಲ್ಲೇ ಮುಗಿಯುತ್ತವೆ. ಅವೆಲ್ಲ ನಿಜವೇ ಆದರೂ, ಬೆಸೆದ ವಸ್ತು ಹೆಪ್ಪುಗಟ್ಟುವ ಚಳಿಯಲ್ಲಿ ಏಟು ತಿನ್ನಬೇಕಾದಾಗ ಏನಾಗುತ್ತದೆ ಎಂಬುದನ್ನು ಬರೆದವರು ನನ್ನ ಕಣ್ಣಿಗೆ ಬಿದ್ದಿಲ್ಲ. ಕಳೆದ ವರ್ಷ ಒಂದು ಆರ್ಡರಿನ ನೆಪದಲ್ಲಿ ಆ ಪ್ರಶ್ನೆಯನ್ನು ಎದುರಿಸಬೇಕಾಗಿ ಬಂದುದರಿಂದ ಈ ಬರಹ. ಯಂತ್ರದ ತಯಾರಕರ ಹೆಸರನ್ನೂ ಪರೀಕ್ಷೆ ನಡೆಸಿದ ಪ್ರಯೋಗಾಲಯದ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ; ಇಲ್ಲಿ ಹೇಳುವ ಹೆಚ್ಚಿನ ಮಾತುಗಳು ಈ ಬಗೆಯ ಯಾವ ಯಂತ್ರಕ್ಕಾದರೂ ಅನ್ವಯಿಸುತ್ತವೆ.

ಮೊದಲು ಯಂತ್ರಕ್ಕೆ ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸಿಬಿಡುತ್ತೇನೆ. ಸುಮಾರು 1080 ನ್ಯಾನೋಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಕಿರಣ ಒಂದು ತೆಳುವಾದ ಫೈಬರ್ ಕೇಬಲ್ಲಿನ ಮೂಲಕ ಗನ್ನಿಗೆ ಬರುತ್ತದೆ. ಗನ್ನಿನೊಳಗಿನ ಪುಟ್ಟ ಕನ್ನಡಿ ಆ ಕಿರಣವನ್ನು ಅತ್ತಿತ್ತ ತೂಗಿಸಿ ಬೆಸುಗೆಯ ಅಗಲವನ್ನು ಹೊಂದಿಸುತ್ತದೆ. ವಿದ್ಯುತ್ ಕಿಡಿಯಿಂದ ಬೆಸೆಯುವ ಟಿಗ್ ವಿಧಾನದಲ್ಲಿ ಕೈ ಕುದುರಲು ವರ್ಷಗಳು ಬೇಕಾಗುವಲ್ಲಿ, ನಮ್ಮ ಘಟಕದ ಹೊಸ ಹುಡುಗ ಎರಡನೇ ವಾರದಲ್ಲೇ 2 ಮಿ.ಮೀ. ಸ್ಟೇನ್‌ಲೆಸ್ ಷೀಟಿನ ಮೇಲೆ ನೆಟ್ಟಗಿನ ಬೆಸುಗೆ ಎಳೆಯತೊಡಗಿದ. 304 ದರ್ಜೆಯ ಸ್ಟೇನ್‌ಲೆಸ್ ಟ್ರೇಗಳಲ್ಲಿ ಷೀಟು ಸೊಟ್ಟಗಾಗುವುದು ಬಹುಮಟ್ಟಿಗೆ ನಿಂತೇಹೋಯಿತು. ಬೆಸೆದ ಮೇಲೆ ಬಡಿದು ನೇರಮಾಡುವ ಕೆಲಸಕ್ಕೆ ಮೊದಲು ಒಬ್ಬ ಆಳನ್ನೇ ಮೀಸಲಿಡಬೇಕಾಗುತ್ತಿತ್ತು. ಆತ ಈಗ ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದಾನೆ.

ಕುಂದುಗಳೂ ಇವೆ. ಗನ್ನಿನ ಮುಂದಿನ ರಕ್ಷಕ ಗಾಜು ಸಿಡಿಕಿಡಿಗಳಿಂದ ಬೇಗ ಹಾಳಾಗುತ್ತದೆ, ಅದನ್ನು ಬದಲಿಸುವಾಗ ಒಂದು ಕಣ ಧೂಳು ಒಳಗೆ ಹೋದರೂ ಒಳಗಿನ ಲೆನ್ಸಿಗೆ ಕುತ್ತು. ಮಳೆಗಾಲದ ತೇವದಲ್ಲಿ, ಯಂತ್ರವನ್ನು ತಂಪಾಗಿಡುವ ಚಿಲ್ಲರಿನ ನೀರನ್ನು ತೀರಾ ತಣ್ಣಗಿಟ್ಟರೆ ಗಾಜಿನ ಮೇಲೆ ಹನಿ ಕಟ್ಟುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಲೇಸರ್ ಅಪಾಯದ ವರ್ಗೀಕರಣದಲ್ಲಿ ತೀರಾ ಮೇಲಿನ 4ನೇ ವರ್ಗಕ್ಕೆ ಸೇರಿದ್ದು. ಪ್ರತಿಫಲಿಸಿ ಬಂದ ಕಿರಣವೂ ಕಣ್ಣನ್ನು ಶಾಶ್ವತವಾಗಿ ಕೆಡಿಸಬಲ್ಲದು. ಮಾಮೂಲಿ ವೆಲ್ಡಿಂಗ್ ಗಾಜನ್ನು ನಂಬಿಕೊಂಡು, ಬಾಗಿಲು ತೆರೆದ ಶೆಡ್ಡಿನಲ್ಲಿ ಇದನ್ನು ಬಳಸುವವರನ್ನು ನಮ್ಮ ರಸ್ತೆಯಲ್ಲೇ ಕಂಡಿದ್ದೇನೆ. ಈ ತರಂಗಾಂತರಕ್ಕೆಂದೇ ತಯಾರಾದ ಕನ್ನಡಕ ಮತ್ತು ನಾಲ್ಕೂ ಕಡೆ ಮುಚ್ಚಿದ ಕೋಣೆಯ ಖರ್ಚನ್ನು ಯಂತ್ರದ ಬೆಲೆಗೇ ಸೇರಿಸಿ ಲೆಕ್ಕ ಹಾಕಬೇಕು.

ಇನ್ನು ಚಳಿಯ ವಿಷಯ. ಮಂಗಳೂರು ಕಡೆಯ ಒಂದು ಮೀನು ಸಂಸ್ಕರಣಾ ಘಟಕಕ್ಕೆ ಬೇಕಾದ, ತಣ್ಣನೆಯ ತಟ್ಟೆಗಳ ನಡುವೆ ಮೀನನ್ನು ಒತ್ತಿ ಹೆಪ್ಪುಗಟ್ಟಿಸುವ ಪ್ಲೇಟ್ ಫ್ರೀಜರಿನ ಆಧಾರ ಚೌಕಟ್ಟುಗಳನ್ನು ಮಾಡಿಕೊಡುವ ಆರ್ಡರು ನಮಗೆ ಬಂತು. ಆ ಫ್ರೀಜರನ್ನು ತಣಿಸುವ ಅಮೋನಿಯ ಸಾಮಾನ್ಯ ವಾಯುಭಾರದಲ್ಲಿ ಮೈನಸ್ 33 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಒತ್ತಡವನ್ನು ಇನ್ನಷ್ಟು ಇಳಿಸಿ ಮೈನಸ್ 40ರಲ್ಲಿ ಕುದಿಸಿದರೆ ಮೀನಿನ ಪೆಟ್ಟಿಗೆ ಬೇಗ ಗಟ್ಟಿಯಾಗುತ್ತದೆ. ಆ ಚಳಿಯಲ್ಲೇ ಹೈಡ್ರಾಲಿಕ್ ದಂಡವೊಂದು ಫ್ರೀಜರಿನ ತಟ್ಟೆಗಳನ್ನು ಒಂದರ ಮೇಲೊಂದು ಒತ್ತುತ್ತದೆ, ಸಡಿಲಿಸುತ್ತದೆ, ಪೆಟ್ಟಿಗೆಗಳು ಅಂಟಿಕೊಂಡಾಗ ಚೌಕಟ್ಟಿಗೆ ಝಾಡಿಸಿದಂಥ ಏಟು ಬೀಳುತ್ತದೆ. ಹೀಗಾಗಿ ಗ್ರಾಹಕರು 6 ಮಿ.ಮೀ. ದಪ್ಪದ, ಎ516 ಗ್ರೇಡ್ 70 ಎಂಬ ದರ್ಜೆಯ ಬಾಯ್ಲರ್ ಕ್ವಾಲಿಟಿ ಕಾರ್ಬನ್ ಸ್ಟೀಲ್ ಪ್ಲೇಟನ್ನು ನಮೂದಿಸಿ, ಬೆಸುಗೆಯ ಜಾಗದಿಂದಲೇ ತೆಗೆದ ತುಂಡುಗಳ ಇಂಪ್ಯಾಕ್ಟ್ ಟೆಸ್ಟ್ ವರದಿಯನ್ನು ಮೈನಸ್ 40 ಡಿಗ್ರಿಯಲ್ಲಿ ಕೇಳಿದ್ದರು. ಒತ್ತಡ ತುಂಬಿದ ಪಾತ್ರೆಯ ಕೆಲಸ ಇದಲ್ಲ. ಅದಾಗಿದ್ದರೆ ಕೈಲೇಸರ್ ಹಿಡಿದು ಮುಂದೆ ಹೋಗುವ ಧೈರ್ಯವನ್ನೇ ನಾನು ಮಾಡುತ್ತಿರಲಿಲ್ಲ.

ಉಕ್ಕಿನ ಬಲ ಬೇರೆ, ಏಟು ತಾಳುವ ಗುಣ ಬೇರೆ. ನಾವು ಟಫ್‌ನೆಸ್ ಎಂದು ಕರೆಯುವ ಈ ಎರಡನೆಯ ಗುಣ ಚಳಿಗೆ ಕುಸಿಯುತ್ತದೆ. ಮಾಮೂಲಿ ಕಾರ್ಬನ್ ಸ್ಟೀಲು ಬೆಚ್ಚಗಿದ್ದಾಗ ಮುರಿಯುವ ಮುನ್ನ ಎಳೆದುಕೊಳ್ಳುತ್ತದೆ, ಬಾಗುತ್ತದೆ. ಒಂದು ಮಟ್ಟಕ್ಕಿಂತ ತಣ್ಣಗಾದರೆ ಯಾವ ಮುನ್ಸೂಚನೆಯನ್ನೂ ಕೊಡದೆ ಗಾಜಿನಂತೆ ಸೀಳುತ್ತದೆ. 304ರಂಥ ಸ್ಟೇನ್‌ಲೆಸ್ ಸ್ಟೀಲಿನ ಒಳಗಿನ ಪರಮಾಣುಗಳ ಜೋಡಣೆಯೇ ಬೇರೆಯಾದ್ದರಿಂದ ಅದಕ್ಕೆ ಈ ಕಾಯಿಲೆಯಿಲ್ಲ, ದ್ರವ ನೈಟ್ರೋಜನ್ನಿನ ಮೈನಸ್ 196ರಲ್ಲೂ ಅದು ಬಾಗುತ್ತದೆ. ನಮ್ಮ ಮೊದಲ ಹತ್ತು ತಿಂಗಳು ಸುಖವಾಗಿ ಕಳೆದದ್ದಕ್ಕೆ ಯಂತ್ರದ ಜಾಣ್ಮೆಗಿಂತ ಆ ಲೋಹದ ಗುಣವೇ ಕಾರಣವಾಗಿತ್ತೆಂಬುದು ನನಗೆ ಆಮೇಲೆ ಹೊಳೆಯಿತು.

ಈ ಗುಣವನ್ನು ಅಳೆಯುವ ಚಾರ್ಪಿ ಪರೀಕ್ಷೆ ನೂರಕ್ಕೂ ಹೆಚ್ಚು ವರ್ಷ ಹಳೆಯದು. 55 ಮಿ.ಮೀ. ಉದ್ದ, 10 ಮಿ.ಮೀ. ಚೌಕದ ತುಂಡಿನ ನಡುವೆ 2 ಮಿ.ಮೀ. ಆಳದ, 45 ಡಿಗ್ರಿ ಕೋನದ ಕಚ್ಚು ಹಾಕಿ, ತುಂಡನ್ನು ಬೇಕಾದ ತಾಪಕ್ಕೆ ತಣಿಸಿ, ತೂಗಾಡುವ ಭಾರೀ ಸುತ್ತಿಗೆಯಿಂದ ಕಚ್ಚಿನ ಬೆನ್ನಿಗೆ ಹೊಡೆಯುತ್ತಾರೆ. ತುಂಡನ್ನು ಮುರಿಯುವುದರಲ್ಲಿ ಸುತ್ತಿಗೆ ಕಳೆದುಕೊಂಡ ಶಕ್ತಿಯೇ ಜೌಲ್ ಲೆಕ್ಕದ ಫಲಿತಾಂಶ. ಪ್ಲೇಟು 6 ಮಿ.ಮೀ. ಮಾತ್ರ ಇದ್ದುದರಿಂದ ನಮ್ಮವು 5 ಮಿ.ಮೀ. ದಪ್ಪದ ತುಂಡುಗಳು. ಪೂರ್ಣ ಗಾತ್ರದ ತುಂಡಿಗೆ ಸಾಮಾನ್ಯವಾಗಿ ಕೇಳುವ 27 ಜೌಲ್‌ನ ಅರ್ಧವೆಂದು ಲೆಕ್ಕ ಹಾಕಿ, ಮೂರು ತುಂಡುಗಳ ಸರಾಸರಿ 14 ಜೌಲ್ ಇರಬೇಕೆಂದು ಕರಾರಾಗಿತ್ತು.

ಪ್ಲೇಟಿನ ಎರಡೂ ಬದಿಯಿಂದ ಬೆಸೆದು, ಪರೀಕ್ಷೆಯ ಫಲಕವನ್ನು ನಗರದ ಒಂದು ಖಾಸಗಿ ಪ್ರಯೋಗಾಲಯಕ್ಕೆ ಕಳಿಸಿದೆವು. ಐದು ದಿನಗಳಲ್ಲಿ ವರದಿ ಬಂತು: 31, 36, 33 ಜೌಲ್. ಬೇಕಾದದ್ದು 14, ಬಂದದ್ದು ಅದರ ಎರಡು ಪಟ್ಟಿಗೂ ಹೆಚ್ಚು. ವರದಿಯನ್ನು ಗ್ರಾಹಕರಿಗೆ ಕಳಿಸಿ, ಯಂತ್ರ ಮಾರಿದವರಿಗೆ ಫೋನು ಮಾಡಿ ಅಭಿನಂದನೆಯನ್ನೂ ಹೇಳಿದೆ. ಈಗ ನೆನೆದರೆ ಮುಜುಗರವಾಗುತ್ತದೆ.

ಗ್ರಾಹಕರ ಪರವಾಗಿ ತಪಾಸಣೆಗೆ ಬಂದವರು ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ಲೋಹಶಾಸ್ತ್ರದ ವಿಭಾಗದಲ್ಲಿದ್ದು ನಿವೃತ್ತರಾದ ಹಿರಿಯರು. ವರದಿಯ ಮೇಲೆ ಒಮ್ಮೆ ಕಣ್ಣಾಡಿಸಿ, "ಮುರಿದ ತುಂಡುಗಳೆಲ್ಲಿ?" ಎಂದು ಕೇಳಿದರು. ನಾನು ಅವನ್ನು ಪ್ರಯೋಗಾಲಯದಿಂದ ತರಿಸಿಕೊಂಡಿರಲೇ ಇಲ್ಲ. ಮಾರನೆಯ ದಿನ ತರಿಸಿ ಮೇಜಿನ ಮೇಲಿಟ್ಟಾಗ, ಅವರು ಒಂದು ತುಂಡಿನ ಎರಡು ಹೋಳುಗಳನ್ನು ಮತ್ತೆ ಜೋಡಿಸಿ ಹಿಡಿದು, ಬದಿಯನ್ನು ಎಮರಿ ಕಾಗದದಿಂದ ಉಜ್ಜಿ ನಯಗೊಳಿಸಿ, ಆಲ್ಕೊಹಾಲ್‌ನಲ್ಲಿ ಬೆರೆಸಿದ ನೈಟ್ರಿಕ್ ಆಮ್ಲದಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರು. ಕೆಲವೇ ಕ್ಷಣಗಳಲ್ಲಿ ಬೆಸುಗೆಯ ಪಟ್ಟಿ ಕಪ್ಪಾಗಿ ಮೂಡಿತು. ಅಗಲ ಎರಡು ಮಿ.ಮೀ.ಗಿಂತ ತುಸು ಕಡಿಮೆ. ಬಿರುಕು ಕಚ್ಚಿನ ತುದಿಯಿಂದ ಹೊರಟು, ಬೆಸುಗೆಯೊಳಗೆ ಒಂದು ಚೂರು ಸಾಗಿ, ಅಲ್ಲಿಂದ ಪಕ್ಕಕ್ಕೆ ತಿರುಗಿ ಪೂರ್ತಿಯಾಗಿ ಪ್ಲೇಟಿನೊಳಗೇ ಹರಿದುಹೋಗಿತ್ತು. "ಇಲ್ಲಿ ನೋಡಿ, ಮುರಿದದ್ದು ನಿಮ್ಮ ಬೆಸುಗೆಯಲ್ಲ, ಪ್ಲೇಟು. ಈ 33 ಜೌಲ್ ಪ್ಲೇಟು ತಯಾರಿಸಿದವರ ಪುಣ್ಯ" ಎಂದರು. ಇನ್ನೊಂದು ತುಂಡಿನಲ್ಲಿ ಕಚ್ಚೇ ಬೆಸುಗೆಯ ನಡುವಿನಿಂದ ಒಂದೂವರೆ ಮಿ.ಮೀ. ಆಚೆಗೆ ಬಿದ್ದಿತ್ತು. ಬೆಸುಗೆಯನ್ನು ಆಮ್ಲದಿಂದ ಮೂಡಿಸದೆ ಕಣ್ಣಳತೆಯಲ್ಲೇ ಗುರುತು ಹಾಕಿದ್ದರ ಫಲವದು.

ಬಿರುಕು ಹೀಗೆ ದಾರಿ ತಪ್ಪುವುದು ಲೇಸರ್ ಮತ್ತು ಎಲೆಕ್ಟ್ರಾನ್ ಕಿರಣದ ಬೆಸುಗೆಗಳನ್ನು ಪರೀಕ್ಷಿಸುವವರಿಗೆ ಬಹುಕಾಲದಿಂದ ಗೊತ್ತಿರುವ ತೊಂದರೆಯೆಂದು ಅವರಿಂದ ತಿಳಿಯಿತು. ಇದರ ಕಾರಣ ಸರಳವಾಗಿದೆ. ಲೇಸರ್ ಬೆಸುಗೆ ತೀರಾ ಕಿರಿದು ಮತ್ತು ಅಕ್ಕಪಕ್ಕದ ಪ್ಲೇಟಿಗಿಂತ ಬಹಳ ಗಡಸು. ಸುತ್ತಿಗೆಯ ಏಟು ಬಿದ್ದಾಗ ಕಚ್ಚಿನ ಸುತ್ತಲಿನ ಲೋಹ ಎಳೆದುಕೊಳ್ಳಬೇಕು. ಗಡಸಾದ ಬೆಸುಗೆ ಎಳೆದುಕೊಳ್ಳಲು ಒಪ್ಪದಿದ್ದರೆ ಒಂದೇ ಮಿ.ಮೀ. ದೂರದಲ್ಲಿರುವ ಮೆತ್ತನೆಯ ಪ್ಲೇಟು ಎಳೆದುಕೊಳ್ಳುತ್ತದೆ, ಬಿರುಕೂ ಅತ್ತ ಹೊರಳುತ್ತದೆ. ವಿದ್ಯುತ್ ಕಿಡಿಯಿಂದ ತಂತಿಯನ್ನೇ ಕರಗಿಸಿ ತುಂಬುವ ಮಿಗ್ ಬೆಸುಗೆಯ ಪಟ್ಟಿ ಅಗಲವಾಗಿರುವುದರಿಂದ ಅಲ್ಲಿ ಬಿರುಕಿಗೆ ಹೀಗೆ ತಪ್ಪಿಸಿಕೊಳ್ಳುವ ಅವಕಾಶ ಕಡಿಮೆ. ಲೇಸರ್‌ನಲ್ಲಿ ಬೆಸುಗೆ ಗಡಸಾದಷ್ಟೂ, ಅಂದರೆ ಕೆಟ್ಟಷ್ಟೂ, ವರದಿಯ ಅಂಕಿ ಚೆಲುವಾಗಿ ಕಾಣುವ ವಿಚಿತ್ರ ಸ್ಥಿತಿ ಇದು. ಹಾಗಾದರೆ ಚೌಕಟ್ಟಿನಲ್ಲೂ ಬಿರುಕು ಪ್ಲೇಟಿಗೇ ಹೊರಳಿ ಬಚಾವಾಗುವುದಲ್ಲವೇ ಎಂದು ನಾನು ವಾದಿಸಿ ನೋಡಿದೆ. ಆರು ಮಿ.ಮೀ. ಪ್ಲೇಟಿನ ನಡುವೆ ಬೆಸುಗೆ ಕೂಡದೆ ಉಳಿದ ಒಂದು ಸಂದು, ಅಥವಾ ಒಂದು ಗುಳ್ಳೆ, ಬೆಸುಗೆಯ ಉದ್ದಕ್ಕೂ ಎಳೆದ ಗೆರೆಯಂತಿದ್ದರೆ ಬಿರುಕಿಗೆ ಹೊರಳುವ ಅಗತ್ಯವೇ ಬೀಳುವುದಿಲ್ಲ ಎಂಬುದು ಅವರ ಉತ್ತರವಾಗಿತ್ತು. ನಮ್ಮದೇ ಫಲಕದ ಅಡ್ಡಸೀಳನ್ನು ನಯಗೊಳಿಸಿ ನೋಡಿದಾಗ, ಎರಡು ಬದಿಯ ಬೆಸುಗೆಗಳು ನಡುವೆ ಕೂಡದ ಕೂದಲೆಳೆಯಂಥ ಜಾಗ ಒಂದು ಕಡೆ ಸಿಕ್ಕಿಯೇ ಸಿಕ್ಕಿತು. ನನ್ನ ವಾದ ಅಲ್ಲಿಗೆ ನಿಂತಿತು.

ಎರಡನೆಯ ಸುತ್ತಿನ ಪರೀಕ್ಷೆಗೆ ನಾನೇ ಪ್ರಯೋಗಾಲಯಕ್ಕೆ ಹೋಗಿ ನಿಂತೆ. ಈ ಸಲ ಬೆಸುಗೆಯನ್ನು ಆಮ್ಲದಿಂದ ಮೂಡಿಸಿ, ಅದರ ನಟ್ಟನಡುವೆ ಕಚ್ಚು ಹಾಕಿಸಿ, ಬಿರುಕು ಪಕ್ಕಕ್ಕೆ ಜಾರದಂತೆ ಎರಡೂ ಬದಿಯಲ್ಲಿ ಅರ್ಧರ್ಧ ಮಿ.ಮೀ. ಆಳದ ತೋಡನ್ನು ಬೆಸುಗೆಯ ಗುಂಟ ಕೊರೆಸಿದ್ದೆವು. ಮುರಿಯಬೇಕಾದ ಅಡ್ಡಕೊಯ್ತ ಇದರಿಂದ 40 ಚದರ ಮಿ.ಮೀ.ನಿಂದ 32ಕ್ಕೆ ಇಳಿಯುತ್ತದೆ. ಅದೇ ಪ್ರಮಾಣದಲ್ಲಿ 14 ಜೌಲ್‌ನ ಮಿತಿಯನ್ನು 11 ಎಂದು ಇಳಿಸಿಕೊಳ್ಳಲು ಹಿರಿಯರು ಒಪ್ಪಿದ್ದರು. ಬದಿತೋಡು ಕೊರೆದ ತುಂಡಿನಲ್ಲಿ ಪರೀಕ್ಷೆ ಮಾಮೂಲಿಗಿಂತ ಕಠಿಣವಾಗುತ್ತದೆಂಬುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆದರೆ ಪ್ಲೇಟಿನ ಪುಣ್ಯವನ್ನು ಬೆಸುಗೆಯ ಖಾತೆಗೆ ಬರೆದುಕೊಳ್ಳುವುದಕ್ಕಿಂತ ಅದು ಮೇಲು.

ಒಣ ಮಂಜುಗಡ್ಡೆ (ಡ್ರೈ ಐಸ್) ಹಾಕಿದ ಆಲ್ಕೊಹಾಲ್ ತೊಟ್ಟಿಯಿಂದ ಬಿಳಿ ಹೊಗೆ ಮೇಜಿನ ಅಂಚಿನಿಂದ ಕೆಳಕ್ಕೆ ಸುರಿಯುತ್ತಿತ್ತು. ತಂತ್ರಜ್ಞ ಇಕ್ಕಳವನ್ನೂ ಅದೇ ತೊಟ್ಟಿಯಲ್ಲಿ ತಣಿಸಿಟ್ಟಿದ್ದ. ತುಂಡನ್ನು ತೆಗೆದು ಪರೀಕ್ಷಾ ಯಂತ್ರದ ಆಧಾರದ ಮೇಲಿಟ್ಟು ಸುತ್ತಿಗೆ ಬಿಡುವುದೆಲ್ಲ ಐದು ಸೆಕೆಂಡಿನೊಳಗೆ ಮುಗಿಯಬೇಕು, ಮುಗಿಯುತ್ತಿತ್ತು. ಮೊದಲ ತುಂಡು 19 ಜೌಲ್. ಎರಡನೆಯದಕ್ಕೆ ಸುತ್ತಿಗೆ ತಗುಲಿದ ಸದ್ದೇ ಬೇರೆಯಾಗಿತ್ತು, ಒಣ ಕಡ್ಡಿ ಮುರಿದಂತೆ 'ಟಕ್' ಎಂದಿತು. ಮುಳ್ಳು 4 ಜೌಲ್‌ನಲ್ಲಿ ನಿಂತಿತು. ಮೂರನೆಯದು 7. ಹೋಳುಗಳನ್ನು ಕೈಗೆತ್ತಿಕೊಂಡು ನೋಡಿದರೆ ಮೊದಲನೆಯದರ ಮುರಿದ ಮುಖ ಹರಿದ ಅಡಿಕೆ ಹಾಳೆಯ ಹಾಗೆ ಮಂಕಾಗಿ ನಾರುನಾರಾಗಿತ್ತು. 4 ಜೌಲ್‌ನ ತುಂಡಿನ ಮುಖ ಒಡೆದ ಕಲ್ಲುಸಕ್ಕರೆಯಂತೆ ಮಿಣುಗುತ್ತಿತ್ತು. ಒಂದೇ ಫಲಕದ, ಒಂದೇ ಬೆಸುಗೆಯ, ಕೈಬೆರಳಿನಷ್ಟು ಅಂತರದಲ್ಲಿದ್ದ ತುಂಡುಗಳಿವು. ಉಕ್ಕು ಬಾಗುವ ಗುಣದಿಂದ ಸೀಳುವ ಗುಣಕ್ಕೆ ದಾಟುವ ತಾಪದ ಆಸುಪಾಸಿನಲ್ಲಿ ಫಲಿತಾಂಶಗಳು ಹೀಗೆ ಎತ್ತೆತ್ತಲೋ ಚದುರುತ್ತವೆ, ಅಲ್ಲಿ ಸರಾಸರಿಗೆ ಹೆಚ್ಚಿನ ಅರ್ಥವಿಲ್ಲ. ನಮ್ಮ ಸರಾಸರಿ 10 ಜೌಲ್. ಮಿತಿಗಿಂತ ಒಂದೇ ಒಂದು ಕಡಿಮೆಯೆಂದು ಅದನ್ನಷ್ಟೇ ನೋಡಿದವರು ಹೇಳಬಹುದಿತ್ತು.

ಬೆಸೆದ ಉಕ್ಕು ಚಳಿಯಲ್ಲಿ ಸೀಳುವ ಕಥೆ ಹೊಸದೇನಲ್ಲ. 1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ, ಆಗಷ್ಟೇ ಕಟ್ಟಿ ಮುಗಿಸಿದ್ದ ಸ್ಕೆನೆಕ್ಟಡಿ ಎಂಬ ತೈಲದ ಹಡಗು ಶಾಂತವಾದ ನೀರಿನಲ್ಲಿ ಕಟ್ಟೆಯ ಪಕ್ಕ ನಿಂತಿದ್ದಾಗಲೇ ನಡು ಮುರಿಯಿತು. ಮೊದಲ ಸಂಶಯ ಬೆಸುಗೆಯ ಮೇಲೇ ಹೋಯಿತು. ಯುದ್ಧಕಾಲದ ಹಡಗುಗಳ ಇಂಥ ಬಿರುಕುಗಳನ್ನು ಅಭ್ಯಸಿಸಿದ ಕೇಂಬ್ರಿಜ್‌ನ ಕಾನ್‌ಸ್ಟನ್ಸ್ ಟಿಪ್ಪರ್ ಅವರು, ಚಳಿಯಲ್ಲಿ ಪೆಡಸಾಗುವ ಉಕ್ಕಿನ ಗುಣವೇ ಮುಖ್ಯ ದೋಷಿಯೆಂದು ತೋರಿಸಿದರು. ಅಲ್ಲಿ ಪ್ಲೇಟು ಕೆಟ್ಟದ್ದಿತ್ತು, ಬೆಸುಗೆ ಬಿರುಕಿಗೆ ಒಂದು ಪ್ಲೇಟಿನಿಂದ ಇನ್ನೊಂದಕ್ಕೆ ದಾಟುವ ಸೇತುವೆಯಾಯಿತು. ನಮ್ಮಲ್ಲಿ ಆದದ್ದು ತಿರುಗುಮುರುಗು: ಮೈನಸ್ 46ರಲ್ಲೂ ಗಟ್ಟಿಯೆಂದು ಸರ್ಟಿಫಿಕೇಟು ಪಡೆದಿದ್ದ ಪ್ಲೇಟನ್ನೇ ಕರಗಿಸಿ ನಾವು ಮೈನಸ್ 40ರಲ್ಲಿ ಒಡೆಯುವ ಲೋಹ ಮಾಡಿಕೊಂಡಿದ್ದೆವು.

ಅದು ಹೇಗೆಂದರೆ, ಪ್ಲೇಟಿನ ಒಳ್ಳೆಯತನ ಅದರ ರಸಾಯನದಲ್ಲಿ ಎಷ್ಟಿದೆಯೋ ಅದನ್ನು ಉರುಳಿಸಿ, ನಿಧಾನವಾಗಿ ತಣಿಸಿದ ರೀತಿಯಲ್ಲೂ ಅಷ್ಟೇ ಇದೆ. ಲೇಸರ್ ಆ ಲೋಹವನ್ನು ಕರಗಿಸಿದ ಕ್ಷಣ ಎರಡನೆಯದು ಅಳಿಸಿಹೋಗುತ್ತದೆ, ರಸಾಯನ ಮಾತ್ರ ಉಳಿಯುತ್ತದೆ. ಕರಗಿದ ಭಾಗ ಚಿಕ್ಕದು, ಸುತ್ತಲಿನ ಪ್ಲೇಟು ತಣ್ಣಗಿದೆ. 800ರಿಂದ 500 ಡಿಗ್ರಿಗೆ ಇಳಿಯಲು ಒಂದೆರಡು ಸೆಕೆಂಡು ಸಾಕು. ಅಷ್ಟು ಬೇಗ ತಣಿದ ಉಕ್ಕಿನಲ್ಲಿ ಕಾರ್ಬನ್ ಹೆಚ್ಚಿದ್ದರೆ ಮಾರ್ಟೆನ್ಸೈಟ್ ಎಂಬ ಗಡಸು ರೂಪ ಹುಟ್ಟುತ್ತದೆ. ಕುಲುಮೆಯಲ್ಲಿ ಕಾಸಿದ ಕುಡುಗೋಲನ್ನು ನೀರಿಗೆ ಅದ್ದಿದಾಗ ಆಗುವುದೂ ಇದೇ. ಕಮ್ಮಾರ ಅದನ್ನು ಮತ್ತೆ ತುಸು ಕಾಸಿ ಹದ ತರುತ್ತಾನೆ, ನಾವು ತಂದಿರಲಿಲ್ಲ. ಎ516 ಗ್ರೇಡ್ 70ರಲ್ಲಿ ಈ ದಪ್ಪದ ಪ್ಲೇಟಿಗೆ ಕಾರ್ಬನ್ 0.27 ಶೇಕಡಾವರೆಗೆ ಇರಬಹುದು. ನಮ್ಮ ಪ್ಲೇಟಿನ ಸರ್ಟಿಫಿಕೇಟಿನಲ್ಲಿ 0.20 ಇತ್ತು. ಬೆಸುಗೆಯ ಗಡಸುತನ ಅಳೆಸಿದಾಗ ವಿಕರ್ಸ್ ಅಳತೆಯಲ್ಲಿ 410 ಬಂತು. ಇಂಥ ಉಕ್ಕಿನ ಬೆಸುಗೆಗೆ ವೆಲ್ಡಿಂಗ್ ಮಾನದಂಡಗಳು ಸಾಮಾನ್ಯವಾಗಿ ಹಾಕುವ ಮಿತಿ 380. ಮಿಗ್ ಬೆಸುಗೆಯಲ್ಲಿ ಒಳ್ಳೆಯ ಟಫ್‌ನೆಸ್ ಕೊಡುವ ಸೂಜಿಯಂಥ ನವುರಾದ ಹರಳುಗಳು ಲೋಹದಲ್ಲಿ ತೇಲುವ ಸೂಕ್ಷ್ಮ ಆಕ್ಸೈಡ್ ಕಣಗಳನ್ನು ಹಿಡಿದುಕೊಂಡು ಬೆಳೆಯುತ್ತವೆ. ಕರಗಿಸಿ ಸೇರಿಸುವ ತಂತಿಯ ಪಾಲು ಕಡಿಮೆಯಿರುವ ಲೇಸರ್ ಬೆಸುಗೆಯಲ್ಲಿ ಅಂಥ ಕಣಗಳಿಗೂ ಬರ.

ಯಂತ್ರ ಮಾರಿದವರ ಸಲಹೆಗಳ ಬಗ್ಗೆ ನನ್ನ ದೂರು ಇಲ್ಲಿಂದ ಶುರುವಾಗುತ್ತದೆ. ತರಬೇತಿಯ ದಿನ ಅವರ ಇಂಜಿನಿಯರು ಬೆಸುಗೆಯನ್ನು ಗಾಳಿಯಿಂದ ಕಾಯಲು ಕಾರ್ಬನ್ ಸ್ಟೀಲಿಗೂ ನೈಟ್ರೋಜನ್ ಗ್ಯಾಸ್ ಸಾಕು, ಆರ್ಗಾನ್‌ಗಿಂತ ಅಗ್ಗ ಎಂದು ಹೇಳಿಹೋಗಿದ್ದರು. ಗೇಟು, ಗ್ರಿಲ್ಲಿನ ಕೆಲಸಕ್ಕೆ ಅದು ನಡೆದೀತು. ಆದರೆ ಕರಗಿದ ಉಕ್ಕಿಗೆ ನೈಟ್ರೋಜನ್ ಸೇರಿಕೊಂಡಷ್ಟೂ ಅದು ಚಳಿಗೆ ಪೆಡಸಾಗುತ್ತದೆ ಎಂಬುದನ್ನು ಹೇಳುವ ಹೊಣೆ ಮಾರುವವರಿಗಿತ್ತು. ಯಂತ್ರದ ಜೊತೆ ಬಂದ ತಂತಿ ಇಆರ್70ಎಸ್-6. ಆ ತಂತಿಯ ವರ್ಗೀಕರಣವೇ ಮೈನಸ್ 29 ಡಿಗ್ರಿಯ ಪರೀಕ್ಷೆಯ ಮೇಲೆ ನಿಂತಿದೆ, ಮೈನಸ್ 40ಕ್ಕೆ ಅದು ಮಾತು ಕೊಟ್ಟೇ ಇಲ್ಲ. ಸುಮಾರು 1 ಶೇಕಡಾ ನಿಕ್ಕಲ್ ಇರುವ ಇಆರ್80ಎಸ್-ಎನ್ಐ1 ತಂತಿ ಮೈನಸ್ 46ಕ್ಕೆ ಪರೀಕ್ಷಿತವಾದದ್ದು. ಹಾಗೆಂದು ತಂತಿ ಬದಲಿಸಿದರೆ ಎಲ್ಲ ಸರಿಹೋಗುವುದಿಲ್ಲ. ಮಿಗ್‌ನಲ್ಲಿ ಬೆಸುಗೆಯ ಹೆಚ್ಚಿನ ಪಾಲು ತಂತಿಯದೇ ಆಗಿರುತ್ತದೆ, ಲೇಸರ್‌ನಲ್ಲಿ ಹೆಚ್ಚಿನ ಪಾಲು ಕರಗಿದ ಪ್ಲೇಟಿನದು. ಸಾರಿಗೆ ಉಪ್ಪು ಚಿಟಿಕೆ ಹಾಕಿದಷ್ಟೇ ತಂತಿಯ ಪರಿಣಾಮ. ಸಾರು ಎಂಥದೆಂಬುದನ್ನು ಬೇಳೆಯೇ ತೀರ್ಮಾನಿಸುತ್ತದೆ.

ಆದ್ದರಿಂದ ಮೂರನೆಯ ಯತ್ನದಲ್ಲಿ ಬೇಳೆಯನ್ನೇ ಬದಲಿಸಿದೆವು. ಗ್ರಾಹಕರ ಒಪ್ಪಿಗೆ ಪಡೆದು ಎ516ರ ಗ್ರೇಡ್ 60 ಪ್ಲೇಟಿಗೆ ಇಳಿದೆವು. ಅದರಲ್ಲೂ ಕಾರ್ಬನ್ನಿನ ಮಿತಿ 0.21 ಶೇಕಡಾ ಇರುವುದರಿಂದ, ವ್ಯಾಪಾರಿಯ ಬಳಿಯಿದ್ದ ಮೂರು ಹೀಟ್‌ಗಳ (ಅಂದರೆ ಬೇರೆಬೇರೆ ಸಲ ಕರಗಿಸಿ ತಯಾರಿಸಿದ ಉಕ್ಕಿನ ಕಂತುಗಳ) ಸರ್ಟಿಫಿಕೇಟುಗಳನ್ನು ತರಿಸಿ ನೋಡಿ, 0.11 ಕಾರ್ಬನ್ ಇದ್ದುದನ್ನು ಆರಿಸಿಕೊಂಡೆವು. ಗ್ರೇಡಿನ ಹೆಸರು ಹೇಳಿ ಕೊಂಡಿದ್ದರೆ ಯಾವುದು ಬರುತ್ತಿತ್ತೋ ಯಾರಿಗೆ ಗೊತ್ತು. ಪ್ಲೇಟಿನ ಬಲ ತುಸು ಕಡಿಮೆಯಾದುದಕ್ಕೆ ಚೌಕಟ್ಟಿಗೆ ಎರಡು ಅಡ್ಡಪಟ್ಟಿ ಹೆಚ್ಚಿಗೆ ಹಾಕಬೇಕಾಯಿತು. ಗ್ಯಾಸನ್ನು ಆರ್ಗಾನ್‌ಗೆ, ತಂತಿಯನ್ನು ನಿಕ್ಕಲ್ ಇರುವುದಕ್ಕೆ ಬದಲಿಸಿದೆವು. ಅಂಚಿನ ಕಪ್ಪು ಪದರವನ್ನು ಪೂರ್ತಿ ಉಜ್ಜಿ ತೆಗೆದೆವು, ಕಿರಣದ ತೂಗಾಟವನ್ನು ಹೆಚ್ಚಿಸಿ ಬೆಸುಗೆಯನ್ನು ಅಗಲ ಮಾಡಿದೆವು, ವೇಗ ಇಳಿಸಿದೆವು. ಬೆಸೆಯುವ ಮುನ್ನ ಪ್ಲೇಟನ್ನು ಗ್ಯಾಸ್ ಟಾರ್ಚಿನಿಂದ 100 ಡಿಗ್ರಿ ದಾಟುವವರೆಗೆ ಕಾಯಿಸಿ, ಗೊತ್ತಾದ ತಾಪದಲ್ಲಿ ಕರಗುವ ಥರ್ಮಲ್ ಚಾಕ್‌ನಿಂದ ಗೀಚಿ ಖಚಿತಪಡಿಸಿಕೊಂಡೆವು. ಪೂರ್ತಿ ಬೆಸೆಯುವ ಮುನ್ನ ತುಂಡುಗಳನ್ನು ಹಿಡಿದಿಡಲು ಟ್ಯಾಕ್ ಹಾಕುವ ಕ್ರಮವೂ ಬದಲಾಯಿತು. ಚುಕ್ಕಿಯಂಥ ಪುಟ್ಟ ಟ್ಯಾಕ್ ಎಲ್ಲಕ್ಕಿಂತ ಬೇಗ ತಣಿದು ಎಲ್ಲಕ್ಕಿಂತ ಗಡಸಾಗುತ್ತದೆಂಬುದು ನಮ್ಮ ಹಳೆಯ ವೆಲ್ಡರಿಗೆ ಯಾವ ಪುಸ್ತಕವೂ ಇಲ್ಲದೆ ತಿಳಿದಿತ್ತು. "ಸರ್, ಟ್ಯಾಕ್ ಜಾಗದಲ್ಲೇ ಫೈಲು (ಅರ) ಜಾರ್ತದೆ, ಮೊದಲಿಂದ ನೋಡ್ತಾ ಇದೀನಿ" ಎಂದು ಅವರು ಆಗ ಹೇಳಿದರು. ಮೊದಲೇ ಕೇಳಬೇಕಿತ್ತು.

ಬದಿತೋಡು ಕೊರೆದ ತುಂಡುಗಳ ಫಲಿತಾಂಶ ಈ ಸಲ 24, 21, 17 ಜೌಲ್. ಬಿರುಕು ಮೂರರಲ್ಲೂ ಬೆಸುಗೆಯೊಳಗೇ ಸಾಗಿತ್ತು. 17 ಜೌಲ್‌ನ ತುಂಡಿನ ಮುಖದಲ್ಲಿ ಮಿಣುಗುವ ಭಾಗ ಕಾಲಂಶದಷ್ಟಿದ್ದರೂ ಉಳಿದದ್ದೆಲ್ಲ ನಾರು. ಗಡಸುತನ 290ಕ್ಕೆ ಇಳಿದಿತ್ತು. ಹಿರಿಯರು ಇನ್ನೂ ಮೂರು ತುಂಡುಗಳನ್ನು ಮೈನಸ್ 60ರಲ್ಲಿ ಮುರಿಸಿ ನೋಡಿದರು. ಅವು ಮಿತಿಗಿಂತ ಕೆಳಗೆ ಬಿದ್ದವು. ಕುಸಿತ ಎಲ್ಲಿ ಶುರುವಾಗುತ್ತದೆ ಎಂಬುದು ತಿಳಿದರೆ ಮೈನಸ್ 40ರಲ್ಲಿ ನಾವೆಷ್ಟು ಅಂಚಿನಲ್ಲಿದ್ದೇವೆಂಬುದು ತಿಳಿಯುತ್ತದೆ ಎಂಬುದು ಅವರ ಉದ್ದೇಶವಾಗಿತ್ತು.

ಈ ಎಲ್ಲ ಬದಲಾವಣೆಗಳಿಗೆ ಬೆಲೆ ಇದೆ. ಪ್ಲೇಟನ್ನು ಮೊದಲೇ ಕಾಯಿಸಿ, ವೇಗ ಇಳಿಸಿ ಬೆಸೆದಾಗ ಲೇಸರಿನ ಮುಖ್ಯ ಲಾಭವಾದ ಸೊಟ್ಟಗಾಗದಿರುವ ಗುಣ ಸ್ವಲ್ಪ ಕರಗುತ್ತದೆ. 6 ಮಿ.ಮೀ. ಕೆಲಸದಲ್ಲಿ ಮಿಗ್‌ಗಿಂತ ನಮಗೆ ಉಳಿದ ಸಮಯವನ್ನು ಕಾಯಿಸುವಿಕೆ ಮತ್ತು ಅಂಚಿನ ತಯಾರಿ ಬಹುಪಾಲು ನುಂಗಿದವು. ಅಂಚುಗಳ ನಡುವಿನ ಸಂದು ಅರ್ಧ ಮಿ.ಮೀ. ದಾಟಿದರೆ ಬೆಸುಗೆ ನಂಬುವಂತಿರುವುದಿಲ್ಲವಾದ್ದರಿಂದ, ಗ್ಯಾಸ್ ಕಟಿಂಗ್ ಮಾಡಿದ ತುಂಡುಗಳನ್ನು ಬಿಟ್ಟು ಲೇಸರಿನಲ್ಲೇ ಕತ್ತರಿಸಿದ ತುಂಡುಗಳನ್ನು ಹೊರಗಿನಿಂದ ತರಿಸಬೇಕಾಯಿತು. ಯಂತ್ರದ ಕರಪತ್ರದಲ್ಲಿ ಅಚ್ಚಾಗಿರುವ '6 ಮಿ.ಮೀ.ವರೆಗೆ' ಎಂಬ ಮಾತು ಕಿರಣ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಹೇಳುತ್ತದೆ; ಅಷ್ಟು ಆಳದಲ್ಲಿ ಬೆಸುಗೆ ಎಂಥದೆಂಬುದನ್ನು ಹೇಳುವುದಿಲ್ಲ.

ಮಾರಾಟದ ನಂತರದ ಸೇವೆಗೆ ನಾನು ಕೊಡುವ ಅಂಕ ಸಾಧಾರಣ. ಗಾಜು, ನಳಿಕೆ, ತಂತಿಯ ರೋಲರುಗಳಂಥ ಸವೆಯುವ ಭಾಗಗಳು ಮಾರನೆಯ ದಿನವೇ ಸಿಗುತ್ತವೆ. ಚಿಲ್ಲರು ಕೆಟ್ಟಾಗ ಮಾತ್ರ ಹನ್ನೊಂದು ದಿನ ಯಂತ್ರ ನಿಂತಿತ್ತು. ಮೈನಸ್ 40ರ ಬೆಸುಗೆಗೆ ಯಾವ ಸೆಟ್ಟಿಂಗ್ ಇಡಬೇಕೆಂದು ಬರೆದು ಕೇಳಿದ ಪತ್ರಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಸೆಟ್ಟಿಂಗ್ ಪಟ್ಟಿಯೊಂದು ಉತ್ತರವಾಗಿ ಬಂತು. ಪ್ರಯೋಗಾಲಯದವರು ತಮ್ಮ ಮೊದಲ ವರದಿಯ ಲೋಪವನ್ನು ಒಪ್ಪಿಕೊಂಡು ಎರಡನೆಯ ಸುತ್ತಿನ ಶುಲ್ಕದಲ್ಲಿ ಅರ್ಧ ಬಿಟ್ಟರು. ತಂತ್ರಜ್ಞನ ಕೈಚಳಕದಲ್ಲಿ ಕೊರತೆಯಿರಲಿಲ್ಲ, ಬಂದದ್ದು ಲೇಸರ್ ಬೆಸುಗೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವರ ಅರ್ಜಿ ಫಾರಂನಲ್ಲಿ ಬೆಸುಗೆಯ ವಿಧಾನ ಬರೆಯಲು ಜಾಗವೇ ಇರಲಿಲ್ಲ. ಈಗ ನಾನು ಫಾರಂನ ಅಂಚಿನಲ್ಲಿ ಕೈಬರಹದಲ್ಲಿ ಮೂರು ಸಾಲು ಬರೆಯುತ್ತೇನೆ: ಆಮ್ಲದಿಂದ ಬೆಸುಗೆ ಮೂಡಿಸಿದ ಮೇಲೆ ಕಚ್ಚು ಹಾಕಬೇಕು, ಬಿರುಕು ಸಾಗಿದ ದಾರಿಯನ್ನು ವರದಿಯಲ್ಲಿ ಬರೆಯಬೇಕು, ಮುರಿದ ತುಂಡುಗಳನ್ನು ಒಣಗಿಸಿ ಎಣ್ಣೆ ಸವರಿ ವಾಪಸು ಕೊಡಬೇಕು. ಚಳಿಯಿಂದ ಹೊರಬಂದ ಹೋಳಿನ ಮೇಲೆ ತೇವ ಕೂತು ಸಂಜೆಯೊಳಗೆ ತುಕ್ಕು ಹಿಡಿದರೆ ನೋಡಬೇಕಾದುದೇನೂ ಉಳಿಯುವುದಿಲ್ಲ.

ಸ್ಟೇನ್‌ಲೆಸ್ ಷೀಟಿನ ಕೆಲಸವೇ ಹೆಚ್ಚಾಗಿರುವ ಘಟಕಗಳಿಗೆ, ಅದು ಕೋಲ್ಡ್ ಸ್ಟೋರೇಜಿನ ಕೆಲಸವಾಗಿದ್ದರೂ, ಈ ಯಂತ್ರವನ್ನು ಯಾವ ಹಿಂಜರಿಕೆಯೂ ಇಲ್ಲದೆ ಶಿಫಾರಸು ಮಾಡುತ್ತೇನೆ. ಕಾರ್ಬನ್ ಸ್ಟೀಲಿನಲ್ಲಿ 3 ಮಿ.ಮೀ.ವರೆಗಿನ, ಸಾಮಾನ್ಯ ಹವೆಯಲ್ಲಿ ಬಳಸುವ ವಸ್ತುಗಳಿಗೂ ಸಂತೋಷವಾಗಿ ಕೊಳ್ಳಬಹುದು. ಸೊನ್ನೆಗಿಂತ ಕೆಳಗೆ ಏಟು ತಿನ್ನುವ ಕಾರ್ಬನ್ ಸ್ಟೀಲಿನ ಜಾಯಿಂಟುಗಳಿಗಾಗಿಯೇ ಇದನ್ನು ಕೊಳ್ಳುವ ಯೋಚನೆಯಿದ್ದರೆ, ಪ್ಲೇಟಿನ ಕಾರ್ಬನ್ ನೋಡಿ ಆರಿಸುವ ತಾಳ್ಮೆ ಮತ್ತು ಪರೀಕ್ಷೆಯ ಖರ್ಚು ಎರಡನ್ನೂ ಭರಿಸಲು ಸಿದ್ಧವಿದ್ದರೆ ಮಾತ್ರ ಮುಂದುವರಿಯುವುದು ಲೇಸು. ನಮ್ಮ ಚೌಕಟ್ಟುಗಳಲ್ಲಿ ಉದ್ದನೆಯ ನೇರ ಜೋಡಣೆಗಳನ್ನು ಲೇಸರಿನಲ್ಲೇ ಮಾಡಿದೆವು. ಹೈಡ್ರಾಲಿಕ್ ದಂಡ ಬಂದು ಕೂರುವ ನಾಲ್ಕು ಮೂಲೆಗಳನ್ನೂ ಎತ್ತುವ ಕೊಕ್ಕೆಯ ಕಿವಿಗಳನ್ನೂ ಮಾತ್ರ ಹಳೆಯ ವೆಲ್ಡರ್ ಕೈಗೆ ಕೊಟ್ಟೆವು. ಅವರು ಒಲೆಯಲ್ಲಿ ಒಣಗಿಸಿದ ಇ7018-1 ಎಂಬ ವೆಲ್ಡಿಂಗ್ ರಾಡಿನಿಂದ, ಎರಡು ದಿನ ತೆಗೆದುಕೊಂಡು ಬೆಸೆದುಕೊಟ್ಟರು.